ಬೀಗ ತೆಗೆದರೆ ಸಾಲದು

ಮೂಡುಬಿದಿರೆಯ ಕಾಲೇಜಿನಲ್ಲಿ ಜಾವಾ ಪ್ರೋಗ್ರಾಮಿಂಗ್ ಭಾಷೆ ಕಲಿಸುವಾಗ ನಾನು ಮಕ್ಕಳಿಗೆ ಮೊದಲು ಹೇಳುವುದು ನಮ್ಮೂರ ಧವಲಾ ಎಂಬ ಜೈನ ಗ್ರಂಥದ ಕಥೆ. ಗುರುಬಸದಿಯ ಆ ಓಲೆಗರಿಗಳು ಶತಮಾನಗಳ ಕಾಲ ದರ್ಶನಕ್ಕಷ್ಟೇ ಸಿಗುತ್ತಿದ್ದವು. 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಮೊದಲ ಸಂಪುಟ ಅಚ್ಚಾಯಿತು. ಹಳಗನ್ನಡ ಲಿಪಿಯಿಂದ ನಾಗರಿಗೆ ಇಳಿಸಿ, ಪಾಠ ತಿದ್ದಿ, ಹಿಂದಿ ಅನುವಾದ ಕೂಡಿಸಿದ್ದರಿಂದಲೇ ಅದು ಓದುಗರದಾಯಿತು.

ತಂತ್ರಾಂಶ ಮುಕ್ತಗೊಳಿಸುವುದೂ ಅಷ್ಟೇ ಶ್ರಮದ ಕೆಲಸ. ಜಾವಾ ರೂಪಿಸಿದ ಸನ್ ಕಂಪನಿ 2006ರಲ್ಲಿ ಅದನ್ನು ಜಿಪಿಎಲ್ ಎಂಬ ಮುಕ್ತ ಪರವಾನಗಿಗೆ ತರಲು ಹೊರಟಾಗ, ಅಕ್ಷರ ಮೂಡಿಸುವ, ಧ್ವನಿ ಹೊರಡಿಸುವ ಕೆಲವು ಭಾಗಗಳ ಹಕ್ಕು ಬೇರೆಯವರದಾಗಿತ್ತು. ಅವುಗಳ ಕೋಡ್ ಕೊಡುವಂತಿರಲಿಲ್ಲ, ಬದಲಿಯನ್ನು ಹುಡುಕಿ ಇಲ್ಲವೇ ಹೊಸದಾಗಿ ಬರೆದು ಕೂಡಿಸಬೇಕಾಯಿತು. ಇದನ್ನು ತಿಳಿಯದೆ ‘ಕೋಡ್ ಹಾಕಿಬಿಡಿ, ಸಾಕು’ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಹೀಗೆ ಮುಕ್ತವಾಗಿಸಿದ್ದು ಎಷ್ಟು ಜನರನ್ನು ತಲುಪುತ್ತದೆ ಎಂಬುದಕ್ಕೆ ಕನ್ನಡದಲ್ಲೇ ಉದಾಹರಣೆಯಿದೆ. ನಮ್ಮ ಜಿಲ್ಲೆಯವರೇ ಆದ ಕಿನ್ನಿಕಂಬಳದ ಕೆ.ಪಿ. ರಾವ್ ತಾವು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸವನ್ನು ಕನ್ನಡಿಗರಿಗೆ ಉಚಿತವಾಗಿ ಬಿಟ್ಟುಕೊಟ್ಟರು. ಇಂದು ಕನ್ನಡ ಟೈಪಿಸುವ ಲಕ್ಷಾಂತರ ಬೆರಳುಗಳು ಅದರ ಮೇಲೆ ಓಡುತ್ತಿವೆ.

ಹಾಗಾಗಿ ಸರ್ಕಾರದಲ್ಲಿ ನನ್ನ ಬೇಡಿಕೆ ಇದು: ಜನರ ದುಡ್ಡಿನಲ್ಲಿ ತಯಾರಾದ ಪ್ರತಿ ಕನ್ನಡ ತಂತ್ರಾಂಶದ ಮೂಲ ಸಂಕೇತ (ಸೋರ್ಸ್ ಕೋಡ್), ಸ್ಪಷ್ಟ ಪರವಾನಗಿ, ಅದನ್ನು ಮತ್ತೆ ಕಟ್ಟುವ ವಿವರಣೆ ಎಲ್ಲವನ್ನೂ ಒಟ್ಟಿಗೆ ಕೊಡಿ. ತಿದ್ದುಪಡಿ ಕಳಿಸುವ ನನ್ನ ವಿದ್ಯಾರ್ಥಿಗಳಿಗೆ ಉತ್ತರಿಸಲು ಒಬ್ಬರನ್ನಾದರೂ ನೇಮಿಸಿ.