ಮಾವನ ಬಾಯಿ ಯಾರ ಇಲಾಖೆ?

ಮೊನ್ನೆ ಊರಿಗೆ ಹೋಗಿದ್ದೆ. ಊರು ಅಂದ್ರೆ ದೇವಸಮುದ್ರ, ಮೊಳಕಾಲ್ಮೂರು ತಾಲೂಕು. ಸೋದರಮಾವನಿಗೆ ಎರಡು ವರ್ಷದಿಂದ ಡಯಾಲಿಸಿಸ್. ವಾರಕ್ಕೆ ಎರಡು ಸಲ, ಪ್ರತಿ ಸಲ ನಾಲ್ಕು ಗಂಟೆ. ಬೆಳಿಗ್ಗೆ ಬಸ್ ಹತ್ತಿದರೆ ಮನೆ ಸೇರೋದು ಕತ್ತಲಾದ ಮೇಲೆ.

"ಹೆಂಗಿದೀರ ಮಾವ?" ಅಂದೆ. ಸೂಜಿ, ಸುಸ್ತು, ಬಸ್ಸು ಅಂತ ಶುರು ಮಾಡ್ತಾರೆ ಅಂದುಕೊಂಡಿದ್ದೆ. "ಬಾಯಿ ಕಣಪ್ಪಾ. ಏನ್ ತಿಂದ್ರೂ ಕಬ್ಬಿಣ ನೆಕ್ಕಿದಂಗೈತೆ. ಮಾತಾಡಾಕೂ ನಾಚ್ಕೆ, ವಾಸ್ನೆ" ಅಂದ್ರು. ಮೊಮ್ಮಗಳನ್ನ ಹತ್ತಿರ ಕೂರಿಸಿಕೊಳ್ಳೋದನ್ನೇ ಬಿಟ್ಟಿದ್ದಾರೆ ಅಂತ ಆಮೇಲೆ ಅತ್ತೆ ಹೇಳಿದ್ರು.

ನಮಗ್ಯಾರಿಗೂ ಇದು ಗೊತ್ತೇ ಆಗಿರಲಿಲ್ಲ. ಕಾರಣ ಮುದ್ದೆ! ಅದನ್ನ ಅಗಿಯೋ ಹಾಗಿಲ್ಲವಲ್ಲ, ನುಂಗೋದು. ಅವರು ರೊಟ್ಟಿ ಬಿಟ್ಟು ಎರಡು ಹೊತ್ತೂ ಮುದ್ದೆಗೆ ಬಂದಿದ್ದು ಹಲ್ಲುನೋವಿಗೆ ಅಂತ ಯಾರಿಗೂ ಹೊಳೀಲಿಲ್ಲ. ಮೇಲಾಗಿ ನಮ್ಮ ಚಿತ್ರದುರ್ಗ ಜಿಲ್ಲೆ ಫ್ಲೋರೈಡ್ ನೀರಿಗೆ ಹೆಸರುವಾಸಿ. ಕಂದುಗಟ್ಟಿದ ಹಲ್ಲು ಕಂಡರೆ ಇಲ್ಲಿ ಯಾರೂ ಎರಡನೇ ಸಲ ನೋಡೋದಿಲ್ಲ. ಮೈ ಸೇರಿದ ಫ್ಲೋರೈಡನ್ನ ಹೊರಹಾಕೋದು ಮುಖ್ಯವಾಗಿ ಕಿಡ್ನಿ. ಅದೇ ಕೈಕೊಟ್ಟರೆ?

ಇದರ ಹಿಂದಿನ ಲೆಕ್ಕ ಸರಳ. ಕಿಡ್ನಿ ಹೊರಹಾಕದ ಯೂರಿಯಾ ಜೊಲ್ಲಿಗೂ ಬಂದು ಅಮೋನಿಯಾ ಆಗುತ್ತೆ. ಆ ವಾಸನೆ, ಆ ರುಚಿ ಅದರದ್ದು. ನೀರು ಅಳೆದು ಕುಡೀಬೇಕು, ಬಾಯಿ ಒಣಗುತ್ತೆ. ಒಣಗಿದರೆ ಹಲ್ಲು ಹುಳುಕು, ಜೊತೆಗೆ ತಡೆಯಲಾರದ ದಾಹ. ಕದ್ದು ಎರಡು ಲೋಟ ಕುಡಿದರೆ ಮೈಯಲ್ಲಿ ನೀರು ತುಂಬಿ ಉಸಿರಾಟಕ್ಕೇ ಕಷ್ಟ. ಅಗಿಯೋಕೆ ಆಗದವರು ಊಟ ಕಡಿಮೆ ಮಾಡ್ತಾರೆ, ಸೊರಗ್ತಾರೆ.

ಹಲ್ಲಿನ ಡಾಕ್ಟರ ಹತ್ತಿರ ಹೋದರೆ, "ಡಯಾಲಿಸಿಸ್ ಪೇಷೆಂಟಾ? ಅಲ್ಲೇ ಕೇಳಿ." ಅಲ್ಲಿ ಕೇಳಿದರೆ, "ಹಲ್ಲಿನವರಿಗೆ ತೋರಿಸಿ." ಭಯ ಇರೋದು ರಕ್ತ ಹೆಪ್ಪುಗಟ್ಟದಂತೆ ಕೊಡೋ ಹೆಪಾರಿನ್‌ದು. ಅದಕ್ಕೇ ಹಲ್ಲು ಕೀಳೋದನ್ನ ಸಾಮಾನ್ಯವಾಗಿ ಡಯಾಲಿಸಿಸ್ ಮರುದಿನಕ್ಕೆ ಇಟ್ಟುಕೊಳ್ಳೋದು. ಇಬ್ಬರು ಡಾಕ್ಟರು ಒಂದು ಫೋನ್‌ನಲ್ಲಿ ಮಾತಾಡಿದರೆ ಮುಗೀತು. ಯಾರೂ ಮಾತಾಡಲಿಲ್ಲ. ಮಾವ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗ್ತಾ ಇದ್ರು. ಇಂಥ ಎಷ್ಟೋ ಮಾತ್ರೆ ಉಳಿದಿರೋ ಚೂರುಪಾರು ಕಿಡ್ನಿಗೂ ವಿಷ!

2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರುವಾಗಿ ಬಡವರಿಗೆ ಉಚಿತ ಡಯಾಲಿಸಿಸ್ ಸಿಗ್ತಿದೆ. ದೊಡ್ಡ ಕೆಲಸ, ಅನುಮಾನವೇ ಇಲ್ಲ. ಆದರೆ ಜೀವ ಉಳಿಸೋದು ಬೇರೆ, ಬದುಕೋ ಹಾಗೆ ಮಾಡೋದು ಬೇರೆ ಅಲ್ವಾ? ಕಿಡ್ನಿ ಕಸಿಗೆ ಮುಂಚೆ ಬಾಯಲ್ಲಿ ಸೋಂಕಿಲ್ಲ ಅಂತ ಖಾತ್ರಿ ಮಾಡಿಕೊಳ್ತಾರೆ. ಕಸಿಯ ಯೋಗವೇ ಇಲ್ಲದವರಿಗೆ ಆ ಕಾಳಜಿ ಯಾಕಿಲ್ಲ?

ನಾನು ಕೇಳ್ತಿರೋದು ಹೊಸ ಯಂತ್ರ ಅಲ್ಲ. ಪ್ರತಿ ಸಲ ತೂಕ, ಬಿಪಿ ಬರೆಯೋ ಪುಸ್ತಕದಲ್ಲಿ ಬಾಯಿಗೂ ಒಂದು ಸಾಲು. ಮೂರು ತಿಂಗಳಿಗೊಮ್ಮೆ ಹಲ್ಲಿನ ಡಾಕ್ಟರು ಬಂದು ಟಾರ್ಚ್ ಬಿಟ್ಟು ನೋಡಲಿ. ನಾಲ್ಕು ಗಂಟೆ ಅವರು ಅಲ್ಲೇ ಮಲಗಿರ್ತಾರಲ್ಲ!

ನಿಮ್ಮ ಮನೇಲೂ ಇಂಥವರಿದ್ದರೆ "ಊಟ ಆಯ್ತಾ" ಅಂತಷ್ಟೇ ಕೇಳಬೇಡಿ. "ಅಗಿಯೋಕೆ ಆಗುತ್ತಾ" ಅಂತಾನೂ ಕೇಳಿ. ನಾನು ಕೇಳೋದಕ್ಕೆ ಎರಡು ವರ್ಷ ತಗೊಂಡೆ.