ಬಸ್ಸಿನ ಬೋರ್ಡಿಗೆ ಯಾರೂ ಜಾಹೀರಾತು ಅಂಟಿಸುವುದಿಲ್ಲ

ಸಾರಿಗೆ ಸಂಸ್ಥೆಯ ಬಸ್ಸಿನ ಮೈತುಂಬ ಸಿಮೆಂಟಿನದೋ ಸೀರೆಯಂಗಡಿಯದೋ ಜಾಹೀರಾತು ಮೆತ್ತಿದ್ದರೂ ಯಾರೂ ತಕರಾರು ತೆಗೆಯುವುದಿಲ್ಲ. ಆದರೆ ಮುಂಭಾಗದಲ್ಲಿ ಊರಿನ ಹೆಸರು ಬರೆದ ಬೋರ್ಡು ಇರುತ್ತದಲ್ಲ, ಅದರ ಮೇಲೆ ಜಾಹೀರಾತು ಅಂಟಿಸುವ ಯೋಚನೆ ಯಾರಿಗೂ ಬಂದಂತಿಲ್ಲ. ಲೆಕ್ಕ ಹಾಕಿದರೆ ಇಡೀ ಬಸ್ಸಿನಲ್ಲಿ ಅತಿ ಹೆಚ್ಚು ಕಣ್ಣು ಬೀಳುವ ಜಾಗ ಅದೇ. ಜಾಹೀರಾತಿನವರು ಕೈತುಂಬ ಕೊಡಬಹುದಾದ ಜಾಗವೂ ಅದೇ. ಆದರೂ ಬಿಡುವುದಿಲ್ಲ. ಏಕೆಂದರೆ ಆ ಬೋರ್ಡನ್ನು ನೋಡುವವರು ಹೊತ್ತು ಕಳೆಯಲು ನೋಡುತ್ತಿಲ್ಲ, ಬಸ್ಸು ಹೊರಡುವುದರೊಳಗೆ ಹತ್ತಬೇಕು ಎಂದು ನೋಡುತ್ತಿದ್ದಾರೆ. ಬಸ್ ನಿಲ್ದಾಣದಲ್ಲಿ ಎಲ್ಲರಿಗೂ ಗೊತ್ತಿರುವ ಈ ಸಂಗತಿ ಜಾಲತಾಣ ಕಟ್ಟುವವರಿಗೆ ಮಾತ್ರ ಮರೆತುಹೋಗಿದೆ. ಒಂದು ತಾಣದ ಯಾವ ಪುಟದಲ್ಲಿ ಜಾಹೀರಾತು ಇರಬೇಕು, ಯಾವುದರಲ್ಲಿ ಇರಬಾರದು ಎಂಬುದು ಆದಾಯ ವಿಭಾಗದವರು ಪುಟದ ಭೇಟಿಗಳನ್ನು ಎಣಿಸಿ ತೀರ್ಮಾನಿಸುವ ವಿಷಯವಾಗಿಬಿಟ್ಟಿದೆ. ಅದು ತೀರ್ಮಾನವಾಗಬೇಕಾದದ್ದು, ಪುಟಕ್ಕೆ ಬಂದವರು ಯಾವ ಸ್ಥಿತಿಯಲ್ಲಿ ಬಂದಿದ್ದಾರೆ ಎಂಬುದರ ಮೇಲೆ.

ರೈಲ್ವೆಯ ಟಿಕೆಟ್ ತಾಣವನ್ನೇ ತೆಗೆದುಕೊಳ್ಳಿ. ಐಆರ್‌ಸಿಟಿಸಿಯಲ್ಲಿ ತತ್ಕಾಲ್ ಬುಕಿಂಗ್ ಎ.ಸಿ. ದರ್ಜೆಗೆ ಬೆಳಿಗ್ಗೆ 10ಕ್ಕೆ, ಉಳಿದ ದರ್ಜೆಗಳಿಗೆ 11ಕ್ಕೆ ತೆರೆಯುತ್ತದೆ. ಬೇಡಿಕೆ ಇರುವ ರೈಲುಗಳಲ್ಲಿ ಕೆಲವೇ ನಿಮಿಷಗಳಲ್ಲಿ ಸೀಟು ಖಾಲಿ. ಆ ಹೊತ್ತಿನಲ್ಲಿ ಪರದೆಯ ಮುಂದೆ ಕುಳಿತವರ ಬೆರಳು ಯಾವ ಒತ್ತಡದಲ್ಲಿರುತ್ತದೆ ಎಂದು ವಿವರಿಸಬೇಕಿಲ್ಲ. ಇದೇ ತಾಣದಲ್ಲಿ ಪ್ರವಾಸದ ಪ್ಯಾಕೇಜುಗಳ ಪುಟಗಳೂ ಇವೆ. ರಜೆಯಲ್ಲಿ ಕಾಶಿಗೆ ಹೋಗುವುದೋ ಕಾಶ್ಮೀರಕ್ಕೋ ಎಂದು ನಿಧಾನವಾಗಿ ನೋಡುವವರು ಅಲ್ಲಿಗೆ ಬರುತ್ತಾರೆ. ಸೂಟ್‌ಕೇಸ್ ಮಾರುವವರು ಅಲ್ಲಿ ಎರಡು ಮಾತು ಹೇಳಿದರೆ ಅದು ಯಾರಿಗೂ ತೊಡಕಲ್ಲ, ಕೆಲವರಿಗೆ ಉಪಯೋಗವೂ ಆದೀತು. ಒಂದೇ ತಾಣ, ಎರಡು ಬಗೆಯ ಪುಟ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ ತಪ್ಪು.

ಹಾಗೆ ತೂಗುವುದಕ್ಕೆ ಕಾರಣವೂ ಇದೆ. ಜಾಹೀರಾತಿನ ಮಾರುಕಟ್ಟೆಯಲ್ಲಿ ಸುಮ್ಮನೆ ಓದುತ್ತಿರುವವರಿಗಿಂತ ಏನನ್ನೋ ಕೊಳ್ಳಲು, ಹುಡುಕಲು ಹೊರಟವರ ಕಣ್ಣಿಗೆ ಬೆಲೆ ಹೆಚ್ಚು. ಗೂಗಲ್ ಶ್ರೀಮಂತವಾದದ್ದೇ ಈ ಗುಟ್ಟಿನಿಂದ. ತಮಾಷೆಯೆಂದರೆ, ಅದರ ಸ್ಥಾಪಕರಾದ ಸೆರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ 1998ರಲ್ಲಿ, ಇನ್ನೂ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳಾಗಿದ್ದಾಗ ಬರೆದ ಪ್ರಬಂಧದಲ್ಲಿ, ಜಾಹೀರಾತಿನ ಹಣದಲ್ಲಿ ನಡೆಯುವ ಹುಡುಕುತಾಣ ಬಳಕೆದಾರರನ್ನು ಬಿಟ್ಟು ಜಾಹೀರಾತುದಾರರ ಕಡೆ ವಾಲುತ್ತದೆ ಎಂದು ಎಚ್ಚರಿಸಿದ್ದರು. 2000ನೇ ಇಸವಿಯಲ್ಲಿ ಅವರದೇ ಕಂಪನಿ ಆ್ಯಡ್‌ವರ್ಡ್ಸ್ ಶುರುಮಾಡಿ ಹುಡುಕಾಟದ ಫಲಿತಾಂಶದ ಪುಟದಲ್ಲೇ ಜಾಹೀರಾತು ಮಾರತೊಡಗಿತು. ಎರಡೇ ವರ್ಷದಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ದುಡ್ಡು ಕೊಟ್ಟು ಹಾಕಿಸಿದ್ದು ಯಾವುದು, ನಿಜವಾದ ಫಲಿತಾಂಶ ಯಾವುದು ಎಂದು ಓದುಗರಿಗೆ ಬಿಡಿಸಿ ತೋರಿಸಿ ಎಂದು ಹುಡುಕುತಾಣಗಳಿಗೆ ಹೇಳಬೇಕಾಯಿತು. ಜನ ಅವಸರದಲ್ಲಿ ಬರುವ ಪುಟವೇ ಹೆಚ್ಚು ದುಡ್ಡು ತರುವ ಪುಟ. ಖಾಸಗಿ ಕಂಪನಿ ಈ ಆಸೆಗೆ ಬಿದ್ದರೆ ಬೇರೆ ತಾಣಕ್ಕೆ ಹೋಗಬಹುದು. ರೈಲು ಟಿಕೆಟಿಗೆ ಆ ಆಯ್ಕೆ ಇಲ್ಲ. ಬೇರೆ ಆ್ಯಪ್‌ಗಳೂ ಕೊನೆಗೆ ಐಆರ್‌ಸಿಟಿಸಿಯ ಬಾಗಿಲಿನಿಂದಲೇ ಟಿಕೆಟ್ ತಂದುಕೊಡುತ್ತವೆ, ಮೇಲೆ ತಮ್ಮದೂ ಒಂದಿಷ್ಟು ಶುಲ್ಕ ಸೇರಿಸಿ.

ಜಾಹೀರಾತಿನಿಂದ ಬರುವ ಹಣದಿಂದಲೇ ಸೇವೆ ಅಗ್ಗವಾಗಿದೆಯಲ್ಲ ಎಂಬ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಓದುಗರಿಂದ ಪೈಸೆ ಪಡೆಯದ ಸುದ್ದಿತಾಣ ಈ ಮಾತು ಹೇಳಿದರೆ ಅದಕ್ಕೆ ತೂಕವಿದೆ. ಐಆರ್‌ಸಿಟಿಸಿ ಹೇಳಿದರೆ ಇಲ್ಲ. ನೋಟು ರದ್ದತಿಯ ಬೆನ್ನಿಗೆ 2016ರಲ್ಲಿ ಕೈಬಿಟ್ಟಿದ್ದ ಅನುಕೂಲ ಶುಲ್ಕವನ್ನು ಅದು 2019ರ ಸೆಪ್ಟೆಂಬರಿನಿಂದ ಮತ್ತೆ ವಸೂಲು ಮಾಡುತ್ತಿದೆ: ಎ.ಸಿ. ಇಲ್ಲದ ದರ್ಜೆಯ ಟಿಕೆಟಿಗೆ 15 ರೂಪಾಯಿ, ಎ.ಸಿ.ಗೆ 30, ಯುಪಿಐ ಮೂಲಕ ಕೊಟ್ಟರೆ 10 ಮತ್ತು 20, ಇದರ ಮೇಲೆ ಜಿಎಸ್‌ಟಿ. ಇದು ಚಿಲ್ಲರೆ ಬಾಬತ್ತಲ್ಲ. 2021ರ ಅಕ್ಟೋಬರಿನಲ್ಲಿ ರೈಲ್ವೆ ಸಚಿವಾಲಯ ಈ ಶುಲ್ಕದಲ್ಲಿ ಅರ್ಧ ಪಾಲು ತನಗೆ ಬೇಕೆಂದದ್ದೇ ತಡ, ಕಂಪನಿಯ ಷೇರು ನೆಲಕಚ್ಚಿತು; ಮರುದಿನವೇ ಸಚಿವಾಲಯ ತೀರ್ಮಾನ ವಾಪಸು ಪಡೆಯಿತು. ಅನುಕೂಲಕ್ಕೆಂದು ಶುಲ್ಕ ಕೊಟ್ಟವರಿಗೆ ಅದೇ ಕಿಟಕಿಯಲ್ಲಿ ಅನನುಕೂಲವನ್ನೂ ಕೊಡುವುದಕ್ಕೆ ಯಾವ ಸಮರ್ಥನೆ ಇದೆ?

ಈಗಿನ ಜಾಹೀರಾತು ಕಂಡಕಂಡವರಿಗೆ ಒಂದೇ ಚಿತ್ರ ತೋರಿಸುವುದಿಲ್ಲ, ಅವರವರ ಅಭಿರುಚಿಗೆ ತಕ್ಕದ್ದನ್ನು ತೋರಿಸುತ್ತದೆ, ಹಾಗಾಗಿ ಯಾವ ಪುಟವಾದರೇನು ಎನ್ನುವವರೂ ಇದ್ದಾರೆ. ಈ ವಾದದ ಬಂಡವಾಳ 2019ರ ಮೇ ತಿಂಗಳಲ್ಲಿ ಬಯಲಾಯಿತು. ಟಿಕೆಟ್ ಆ್ಯಪ್‌ನಲ್ಲಿ ಅಸಭ್ಯ ಜಾಹೀರಾತು ಬರುತ್ತಿದೆ ಎಂದು ಪ್ರಯಾಣಿಕರೊಬ್ಬರು ಟ್ವಿಟರ್‌ನಲ್ಲಿ ದೂರಿದಾಗ, ಜಾಹೀರಾತುಗಳನ್ನು ಗೂಗಲ್‌ನ ವ್ಯವಸ್ಥೆ ಬಳಕೆದಾರರ ಬ್ರೌಸಿಂಗ್ ಚರಿತ್ರೆ ನೋಡಿ ತೋರಿಸುತ್ತದೆ, ನಿಮ್ಮ ಕುಕೀಗಳನ್ನು ಅಳಿಸಿಕೊಳ್ಳಿ ಎಂಬ ಉತ್ತರ ರೈಲ್ವೆಯ ಕಡೆಯಿಂದ ಬಂತು. ಜನ ಬಿದ್ದು ಬಿದ್ದು ನಕ್ಕರು, ಪಾಪ ದೂರು ಕೊಟ್ಟವರ ಮಾನ ಹರಾಜಾಯಿತು. ಆ ನಗುವಿನಲ್ಲಿ ಮುಖ್ಯವಾದ ಸಂಗತಿ ಕಳೆದುಹೋಯಿತು: ತನ್ನ ಪುಟದಲ್ಲಿ ಏನು ಕಾಣಿಸುತ್ತದೆ ಎಂಬುದಕ್ಕೆ ತಾನು ಹೊಣೆಯಲ್ಲ ಎಂದು ಸಾರ್ವಜನಿಕ ಸೇವೆಯೊಂದು ಹೇಳಿತ್ತು. ಅಷ್ಟಕ್ಕೂ ನಮ್ಮಲ್ಲಿ ಒಂದು ಫೋನಿಗೆ ಒಬ್ಬರೇ ಯಜಮಾನರೇ? ಮಗನ ಫೋನಿನಲ್ಲಿ ತಾಯಿ ಟಿಕೆಟ್ ನೋಡುತ್ತಾರೆ, ಸೈಬರ್ ಸೆಂಟರಿನ ಒಂದು ಕಂಪ್ಯೂಟರಿಗೆ ದಿನಕ್ಕೆ ಐವತ್ತು ಜನ ಬರುತ್ತಾರೆ. ಯಾರ ಚರಿತ್ರೆ ಯಾರ ಮುಖಕ್ಕೆ ರಾಚುತ್ತದೋ!

ಜಾಹೀರಾತು ಕಂಡರೆ ಕಡೆಗಣಿಸಿದರಾಯಿತು ಎನ್ನುವುದು ಇನ್ನೊಂದು ಸಮಾಧಾನ. ಇದು ಪಳಗಿದವರ ಮಾತು. ಬಟನ್ನಿನ ವೇಷ ಹಾಕಿದ ಜಾಹೀರಾತು ಯಾವುದು, ಅಸಲಿ ಬಟನ್ ಯಾವುದು ಎಂದು ಗುರುತಿಸಲು ಅಭ್ಯಾಸ ಬೇಕು. ಅಭ್ಯಾಸವಿಲ್ಲದವರೇ ಇಂಥ ಪುಟಗಳಲ್ಲಿ ಹೆಚ್ಚು ಎಡವುತ್ತಾರೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಗಳು ಬಳಕೆದಾರರ ದಾರಿ ತಪ್ಪಿಸುವ 13 ತಂತ್ರಗಳನ್ನು ಹೆಸರಿಸಿ ನಿಷೇಧಿಸಿವೆ, ಮಾರುವೇಷದ ಜಾಹೀರಾತು ಅವುಗಳಲ್ಲೊಂದು. ಆದರೆ ಆ ಮಾರ್ಗಸೂಚಿ ಜಾಹೀರಾತು ಹೇಗಿರಬಾರದು ಎನ್ನುತ್ತದೆ, ಎಲ್ಲಿ ಇರಬಾರದು ಎಂಬ ಪ್ರಶ್ನೆಗೆ ಕೈಹಾಕಿಲ್ಲ.

ಎಲ್ಲಿ ಎಂಬುದನ್ನು ಯಂತ್ರಕ್ಕೆ ಬಿಟ್ಟರೆ ಏನಾಗುತ್ತದೆಂದು ಪತ್ರಿಕೋದ್ಯಮ 2020ರಲ್ಲಿ ನೋಡಿದೆ. ಕೊರೊನಾ ಎಂಬ ಪದವಿರುವ ಪುಟ ತಮಗೆ ಬೇಡವೆಂದು ಅನೇಕ ಜಾಹೀರಾತುದಾರರು ನಿಷೇಧಪಟ್ಟಿ ಹಾಕಿದರು. ಜನ ಮುಗಿಬಿದ್ದು ಓದುತ್ತಿದ್ದ, ಎಲ್ಲರಿಗೂ ಬೇಕಾಗಿದ್ದ ವರದಿಗಳಿಗೇ ಆದಾಯ ತಪ್ಪಿತು. ಪದ ನೋಡಿ ಪುಟ ಆರಿಸುವ ಯಂತ್ರಕ್ಕೆ ಸಿನಿಮಾದ ಶೂಟಿಂಗೂ ಒಂದೇ, ಗುಂಡಿನ ದಾಳಿಯೂ ಒಂದೇ. ಅಚ್ಚಿನ ಪತ್ರಿಕೆಯಲ್ಲಿ ವಿಮಾನ ದುರಂತದ ದಿನ ವಿಮಾನ ಕಂಪನಿಯ ಜಾಹೀರಾತನ್ನು ಎತ್ತಿ ಪಕ್ಕಕ್ಕಿಡುವ ಪದ್ಧತಿ ಇದೆ. ಯಾರೋ ಒಬ್ಬರು ಪುಟವನ್ನು ಕಣ್ಣಾರೆ ನೋಡಿ ಆ ನಿರ್ಧಾರ ಮಾಡುತ್ತಾರೆ. ಅದೇ ಪತ್ರಿಕೆಗಳ ಜಾಲತಾಣಗಳಲ್ಲಿ ನಿಧನ ವಾರ್ತೆಯ ನಡುವೆ ಶಾಪಿಂಗ್ ಹಬ್ಬದ ಬ್ಯಾನರ್ ಕುಣಿಯುವಾಗ ಆ ಯಾರೋ ಒಬ್ಬರು ಎಲ್ಲಿಗೆ ಹೋದರು ಎಂದು ರೈಲ್ವೆಯನ್ನು ಕೇಳುವ ಮೊದಲು ನಾವೂ ಕೇಳಿಕೊಳ್ಳಬೇಕಾದೀತು. ರೈಲ್ವೆಯ ಮಟ್ಟಿಗಂತೂ ಕೆಲಸ ಸುಲಭ. ಮುಂದಿನ ಸಲ ಜಾಹೀರಾತಿನ ಗುತ್ತಿಗೆ ಕೊಡುವಾಗ ರೈಲು ಹುಡುಕುವುದು, ಸೀಟು ಆರಿಸುವುದು, ಹಣ ಕಟ್ಟುವುದು, ಟಿಕೆಟ್ ರದ್ದು ಮಾಡುವುದು, ಈ ನಾಲ್ಕು ಪುಟಗಳನ್ನು ಹೆಸರಿಸಿ ಹೊರಗಿಟ್ಟರೆ ಸಾಕು.