ಸರ್ವರ್ ನಡೆಸುವವಳ ವಿಳಾಸ ಯಾರ ಕೈಗೆ?

ಹೆಂಗಸರು ಕಷ್ಟಸುಖ ಹೇಳಿಕೊಳ್ಳುವುದು ಈಗ ಸಂಘದ ಸಭೆಯಲ್ಲಿ ಮಾತ್ರವಲ್ಲ. ಕಂಪ್ಯೂಟರ್ ಬಲ್ಲ ಒಬ್ಬಳು ಮನೆಯಲ್ಲೇ ಸರ್ವರ್, ಅಂದರೆ ಹಗಲೂ ರಾತ್ರಿ ಚಾಲೂ ಇರುವ ಒಂದು ಕಂಪ್ಯೂಟರ್, ಇಟ್ಟುಕೊಂಡು ನೂರಾರು ಜನ ಬರೆದದ್ದನ್ನು ಪರಸ್ಪರ ತಲುಪಿಸಬಹುದು. ಇದರಲ್ಲಿ ಸಂಬಳವಿಲ್ಲ, ಲಾಭವಿಲ್ಲ. ಹವ್ಯಾಸವೆನ್ನಿ, ಸೇವೆಯೆನ್ನಿ. ಆದರೆ ಅಲ್ಲಿ ಯಾರೋ ಒಬ್ಬ ಬೆದರಿಕೆ ಬರೆದರೆ, ಹೆಣ್ಣಿನ ಖಾಸಗಿ ಚಿತ್ರ ಹಾಕಿದರೆ, ಹೊಣೆ ಯಾರದು?

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಂ ಇಂಥ ಮಧ್ಯವರ್ತಿಗೆ ರಕ್ಷಣೆ ಕೊಡುತ್ತದೆ. ಆದರೆ ಷರತ್ತುಗಳಿವೆ. ಅವಳು ತಾನಾಗಿ ಅದನ್ನು ಕಳಿಸಿರಬಾರದು, ತಿದ್ದಿರಬಾರದು, ಸರ್ಕಾರದ ನಿಯಮಗಳನ್ನು ಪಾಲಿಸಿರಬೇಕು. ಪಾಲಿಸದಿದ್ದರೆ ಆ ರಕ್ಷಣೆ ಹೋಗುತ್ತದೆ. ಇನ್ನೊಬ್ಬರ ತಪ್ಪಿಗೆ ಅವಳೂ ಕೋರ್ಟು ಹತ್ತಬೇಕಾದೀತು.

2021ರ ನಿಯಮಗಳಲ್ಲಿ ನಾವು ಸ್ವಾಗತಿಸಬೇಕಾದ ಒಂದು ಅಂಶವಿದೆ. ತನ್ನ ಖಾಸಗಿ ಚಿತ್ರ ಹಾಕಿದ್ದಾರೆಂದು ಹೆಣ್ಣು ದೂರು ಕೊಟ್ಟರೆ 24 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕೆಂದು ಅವು ಹೇಳಿದವು. ಮುಂದೆ ಆ ಗಡುವು ಇನ್ನೂ ಬಿಗಿಯಾಯಿತು. ಇದು ಸರಿ. ಮಾನ ಹರಾಜಾಗುತ್ತಿರುವಾಗ ಕಾಯಲು ಯಾರಿಂದ ಸಾಧ್ಯ?

ಇನ್ನೊಂದು ಅಂಶ ಮಾತ್ರ ನಮ್ಮನ್ನು ಚುಚ್ಚುತ್ತದೆ. 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ಕಂಪನಿಗಳಿಗೆ ಈ ನಿಯಮಗಳು ಹೆಚ್ಚಿನ ಹೊಣೆ ಹೊರಿಸಿದವು. ಆದರೆ ದೂರು ಸ್ವೀಕರಿಸುವ ಅಧಿಕಾರಿಯ ಹೆಸರು ಮತ್ತು ಸಂಪರ್ಕ ವಿವರವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುವ ಹೊಣೆಗೆ ದೊಡ್ಡವರು ಚಿಕ್ಕವರೆಂಬ ಭೇದವಿಲ್ಲ. ದೊಡ್ಡ ಕಂಪನಿಗೆ ಕಚೇರಿ ಇದೆ, ವಕೀಲರಿದ್ದಾರೆ, ಬಾಗಿಲಲ್ಲಿ ಕಾವಲುಗಾರನಿದ್ದಾನೆ. ಮನೆಯಿಂದ ಒಬ್ಬಳೇ ನಡೆಸುವವಳಿಗೆ ಏನಿದೆ? ಅವಳೇ ಅಧಿಕಾರಿ, ಅವಳದೇ ಹೆಸರು. ಹೊಡೆತ ತಾಳಲಾರದೆ ಮನೆಬಿಟ್ಟ ಹೆಂಗಸರು ಅವಳ ಕೂಟದಲ್ಲಿದ್ದರೆ, ಹೆಂಡತಿಯನ್ನು ಹುಡುಕುವ ಗಂಡ ಮೊದಲು ಬರುವುದು ಯಾರ ಬಾಗಿಲಿಗೆ? ಹೆಸರು ಹಾಕಿದರೆ ಜೀವಭಯ, ಹಾಕದಿದ್ದರೆ ಕಾನೂನಿನ ಭಯ. ಕೊನೆಗೆ ಅವಳು ಸರ್ವರ್ ಮುಚ್ಚುತ್ತಾಳೆ. ಉಳಿಯುವುದು ದೊಡ್ಡ ಕಂಪನಿಗಳು ಮಾತ್ರ.

ಚಿಕ್ಕವರಿಗೆ ವಿನಾಯಿತಿ ಕೊಟ್ಟರೆ ಹೊಲಸು ಹರಡುವವರೂ ಅದರಡಿ ಅಡಗುತ್ತಾರೆ ಎನ್ನಬಹುದು. ಚಿತ್ರ ತೆಗೆಯುವ ಹೊಣೆಯಿಂದ ವಿನಾಯಿತಿಯನ್ನು ನಾವು ಕೇಳುತ್ತಿಲ್ಲ. ಅದು ಎಲ್ಲರಿಗೂ ಇರಲಿ. ಲಾಭವಿಲ್ಲದೆ ನಡೆಸುವ ಸಣ್ಣ ಕೂಟಗಳು ವ್ಯಕ್ತಿಯ ಹೆಸರಿನ ಬದಲು ಹುದ್ದೆಯನ್ನೂ ಒಂದು ಸಂಸ್ಥೆಯ ವಿಳಾಸವನ್ನೂ ಪ್ರಕಟಿಸಿದರೆ ಸಾಕೆಂದು ನಿಯಮ ತಿದ್ದುಪಡಿಯಾಗಲಿ ಎಂಬುದಷ್ಟೇ ನಮ್ಮ ಒತ್ತಾಯ.

ಅಲ್ಲಿಯವರೆಗೆ ಯಾವ ಹೆಣ್ಣೂ ಈ ಕೆಲಸವನ್ನು ಒಂಟಿಯಾಗಿ ಹೊರಬಾರದು. ಕಚೇರಿಯಿರುವ ಮಹಿಳಾ ಸಂಸ್ಥೆಯೊಂದು ಜೊತೆಗೂಡಿ, ಅಲ್ಲಿನ ವಕೀಲೆಯೊಬ್ಬರು ದೂರು ಸ್ವೀಕರಿಸುವ ಹೊಣೆ ಹೊರಲಿ. ಬಂದ ದೂರು, ಕೈಗೊಂಡ ಕ್ರಮ ಎರಡನ್ನೂ ವೇಳೆ ಸಮೇತ ಪುಸ್ತಕದಲ್ಲಿ ಬರೆದಿಡಲಿ. ಪೊಲೀಸರು ಕೇಳಿದಾಗ ಅದೇ ಸಾಕ್ಷಿ. ಸಂಘದ ಸಾಲಕ್ಕೆ ಎಲ್ಲರೂ ಹೊಣೆಯಾಗುವುದನ್ನು ಕಲಿತ ನಮಗೆ ಇದು ಹೊಸ ಪಾಠವೇನಲ್ಲ.